ರಾವಸಾಹೇಬರ ಮುಳ್ಳು ಕೆಂಪಿಗೇರಿದ್ದು

"ಈ ರವಿವಾರ ಸಂಜಿ ಐದಕ್ಕ ನಿನ್ನ ತಮ್ಮನ ಧ್ವನಿ ಈ ಪಡಸಾಲ್ಯಾಗ ಕೇಳಸಲಿಲ್ಲ ಅಂದ್ರ, ನನ್ನ ಹೆಸರ ರಾವಸಾಹೇಬ ಅಲ್ಲ!"

ಕಾಗವಾಡದ ರಾವಸಾಹೇಬರು ಹೀಗೆ ಗುಡುಗಿದಾಗ ಅವರ ಹೆಂಡತಿ ಸಕ್ಕುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ.

"ಹೆಸರ ಆಮ್ಯಾಲ ಬದಲ್ ಮಾಡ್ರೆಂತ. ಮೊದಲ ಕೈ ತೊಳಕೊಂಡ ಊಟಕ್ಕ ಬರ್ರಿ."

ರಾವಸಾಹೇಬರದು ಊರ ಹೊರಗೆ ತೋಟದ ಮನೆ. ಮನೆಯ ಹಿಂದೆ ಚಪ್ಪರ ಹಾಕಿ ದ್ರಾಕ್ಷಿ ಬೆಳೆದ ಪಡ, ಅದರಾಚೆ ಕಬ್ಬು. ದೇವರು ಕೊಟ್ಟದ್ದು ಇಷ್ಟು. ಸರಕಾರ ಕೊಟ್ಟದ್ದು ಇನ್ನೊಂದು: ಹ್ಯಾಮ್ ರೇಡಿಯೊ ಲೈಸೆನ್ಸು! ಪರೀಕ್ಷೆ ಪಾಸು ಮಾಡಿ ಲೈಸೆನ್ಸು ಪಡೆದವರು ತಮ್ಮ ಮನೆಯಲ್ಲೇ ಕೂತು ರೇಡಿಯೊ ಮೇಲೆ ಜಗತ್ತಿನ ಯಾವ ಮೂಲೆಯವರೊಡನೆ ಬೇಕಾದರೂ ಹರಟಬಹುದು; ತನ್ನ ಮಾತು ಮುಗಿಸಿ 'ಓವರ್' ಎಂದರೆ ಎದುರಿನವರ ಸರದಿ. ರಾವಸಾಹೇಬರು ಹರಟುತ್ತಿದ್ದರು. ಕಾಗವಾಡದಲ್ಲಿ ಇವತ್ತು ಬಿಸಿಲೆಷ್ಟು ಎಂದು ಜಪಾನಿನ ಯಾರೋ ಮುದುಕನಿಗೆ ಗೊತ್ತಿರುತ್ತಿತ್ತು. ತಮ್ಮ ಪಡದಲ್ಲಿ ಹಣ್ಣು ಬಣ್ಣಕ್ಕೆ ಬಂದಿದೆಯೋ ಇಲ್ಲವೋ ಎಂಬುದು ಮಾತ್ರ ರಾವಸಾಹೇಬರಿಗೆ ಗೊತ್ತಿರುತ್ತಿರಲಿಲ್ಲ. ಅತ್ತ ಕಡೆ ಅವರು ಹೋಗುತ್ತಲೇ ಇರಲಿಲ್ಲ. ಹೋದರೆ ಸಕ್ಕುಬಾಯಿ ಕೆಲಸ ಹಚ್ಚುತ್ತಾಳೆಂಬ ಭಯ!

ಆದರೆ ತೊಂಬತ್ತೊಂದರ ಆ ಫೆಬ್ರವರಿಯಲ್ಲಿ ಮೊಟ್ಟಮೊದಲ ಬಾರಿಗೆ ಸಕ್ಕುಬಾಯಿಗೂ ಗಂಡನ ರೇಡಿಯೊ ಬೇಕಾಗಿತ್ತು. ಅವಳ ತಮ್ಮ ರಾಜಾರಾಮ ಮಿಲಿಟರಿಯಲ್ಲಿ ಗಾಡಿ ರಿಪೇರಿಯವನು. ಸರಕಾರದವರು ಅವನನ್ನು ಹಡಗು ಹತ್ತಿಸಿ ದಕ್ಷಿಣ ಧ್ರುವದ ಹಿಮಕ್ಕೆ ಕಳಿಸಿದ್ದರು. ಒಂದು ವರ್ಷ ಅಲ್ಲೇ ವಾಸ. ಗೋವಾದಲ್ಲಿ ಹಡಗು ಹತ್ತುವ ಮುಂಚೆ ಟ್ರಂಕ್ ಕಾಲ್ ಮಾಡಿ ಅವನು ಅಕ್ಕನ ಗಂಡನಿಗೆ ಹೇಳಿದ್ದ: "ಮಾಮಾ, ನಮ್ಮ ತಂಡದಾಗ ಒಬ್ಬಾಂವ ಹ್ಯಾಮ್ ಅದಾನ. ಫೆಬ್ರವರಿ ರವಿವಾರಕ್ಕೊಮ್ಮೆ ಸಂಜಿ ಐದಕ್ಕ ನಿಮ್ಮನ್ನ ಕರೀತೀವಿ. ತಿಂಗಳ ಮುಗದ ಮ್ಯಾಲ ಅಂವಾ ಸೆಟ್ ತಗೊಂಡ ವಾಪಸ್ ಹಡಗ ಹತ್ತತಾನ. ಆಮ್ಯಾಲ ಇಲ್ಲ ನೋಡ್ರಿ!"

"ಕಾಳಜಿ ಮಾಡಬ್ಯಾಡ! ನಾ ದೊಡ್ಡ ಪೆಟಗಿ ಕಟ್ಟಾಕತ್ತೇನಿ. ಪೆಂಗ್ವಿನ್‌ಗೂ ನನ್ನ ಧ್ವನಿ ಕೇಳತೈತಿ!" ಎಂದಿದ್ದರು ರಾವಸಾಹೇಬರು.

ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಸಕ್ಕುಬಾಯಿ. ಹಿಮದಲ್ಲಿ ಅವನು ಏನು ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬ ಚಿಂತೆಯಲ್ಲಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಒಮ್ಮೆ ಧ್ವನಿ ಕೇಳಿದರೆ ಸಾಕಿತ್ತು ಅವಳಿಗೆ.

ರಾವಸಾಹೇಬರ ಬಳಿ ಇದ್ದದ್ದು ನೂರು ವ್ಯಾಟಿನ ಸಣ್ಣ ಸೆಟ್ಟು. ಹತ್ತು ಸಾವಿರ ಕಿಲೊಮೀಟರಿಗೂ ಮೀರಿದ ದೂರಕ್ಕೆ ನೂರು ವ್ಯಾಟೆಂದರೆ ಅವರ ಘನತೆಗೆ ಕಡಿಮೆ. ಆದ್ದರಿಂದ ಪುಣೆಯ ಹಳೆ ಬಜಾರಿನಿಂದ ದಪ್ಪ ದಪ್ಪ ವಾಲ್ವು ತಂದು, ಟ್ರಂಕಿನಷ್ಟು ದೊಡ್ಡದೊಂದು ಆಂಪ್ಲಿಫಾಯರ್ ಕಟ್ಟಿದ್ದರು. ಸಣ್ಣ ಸೆಟ್ಟಿನ ಪವರನ್ನು ಹಿಗ್ಗಿಸಿ ಹತ್ತು ಪಟ್ಟು ಮಾಡುವ ಮಹಾಯಂತ್ರ! ಚಾಲು ಮಾಡಿದರೆ ವಾಲ್ವು ನಿಗಿನಿಗಿ ಹೊಳೆಯುತ್ತಿದ್ದವು, ಫ್ಯಾನು ಭರ್ರೆನ್ನುತ್ತಿತ್ತು, ಮನೆಯ ಬಲ್ಬುಗಳೆಲ್ಲ ಮಂಕಾಗುತ್ತಿದ್ದವು. ಸಕ್ಕುಬಾಯಿ ಅದಕ್ಕೆ ಭಟ್ಟಿ ಎಂದು ಹೆಸರಿಟ್ಟಿದ್ದಳು.

ಮೊದಲ ರವಿವಾರ ಬಂತು. ನಾಲ್ಕೂವರೆಗೇ ಸಕ್ಕುಬಾಯಿ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಸೆಟ್ಟಿನ ಮುಂದೆ ಕೂತಳು. ತಮ್ಮನಿಗೆ ಕಾಣುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಇಷ್ಟು ದೂರದಿಂದ ಕರೆಯುವವನ ಮುಂದೆ ಹಿಟ್ಟಿನ ಕೈಯಲ್ಲಿ ಕೂಡಲು ಅವಳಿಗೆ ಮನಸ್ಸಾಗಲಿಲ್ಲ.

ರಾವಸಾಹೇಬರು ಭಟ್ಟಿ ಹಚ್ಚಿದರು. ಮೈಕು ಹಿಡಿದು, "ಹಲೋ, ಹಲೋ! ಕಾಗವಾಡ ಕರೀತೈತಿ! ರಾಜಾರಾಮ, ಬಾ!" ಎಂದು ಆರ್ಭಟಿಸಿದರು. ಆರ್ಭಟಿಸುತ್ತಲೇ ಮೀಟರಿನ ಕಡೆ ನೋಡಿ ಬೆಚ್ಚಿಬಿದ್ದರು.

ಸ್ಟ್ಯಾಂಡಿಂಗ್ ವೇವ್ ಮೀಟರ್ ಎಂಬುದು ಒಂದು ಪುಟ್ಟ ಡಬ್ಬಿ. ಆಂಟೆನಾಕ್ಕೆ ಕಳಿಸಿದ ಪವರಿನಲ್ಲಿ ಎಷ್ಟು ವಾಪಸು ಬಂತು ಎಂದು ಚಾಡಿ ಹೇಳುವುದೇ ಅದರ ಉದ್ಯೋಗ. ಮುಳ್ಳು ಒಂದರ ಆಸುಪಾಸು ಇದ್ದರೆ ಸುಖಸಂಸಾರ. ಮೂರು ದಾಟಿದರೆ ಕಷ್ಟ. ಇಲ್ಲಿ ಮುಳ್ಳು ನೆಟ್ಟಗೆ ಹೋಗಿ ಕೆಂಪು ಗೆರೆಯ ಆಚೆ ನಿಂತು ನಡುಗುತ್ತಿತ್ತು! ಭಟ್ಟಿ ಬಂದ್ ಮಾಡಿ ಸಣ್ಣ ಸೆಟ್ಟಿನಲ್ಲೇ ನೋಡಿದರು. ಮುಳ್ಳು ಹಸುವಿನಂತೆ ಒಂದೂಕಾಲಿಗೆ ಬಂದು ಕೂತಿತು. ಮತ್ತೆ ಭಟ್ಟಿ ಹಚ್ಚಿದರು. ಮತ್ತೆ ಕೆಂಪು! ಫ್ಯಾನಿನ ಭರ್ರು, ಸ್ಪೀಕರಿನ ಗೊರ್ರು ಎರಡೂ ಕೂಡಿ ತಲೆ ಚಿಟ್ಟು ಹಿಡಿದಾಗ ಸ್ಪೀಕರಿನ ಬಾಯಿ ಮುಚ್ಚಿಸಿ, ಕಣ್ಣನ್ನು ಮುಳ್ಳಿಗೆ ಅಂಟಿಸಿ, ಗುಂಡಿ ತಿರುವುತ್ತ ಕೂಗುತ್ತ ಕೂತರು. ಆರು ಹೊಡೆಯಿತು.

"ಯಾಕ್ರಿ, ಏನಾತು?" ಸಕ್ಕುಬಾಯಿ ಮೆಲ್ಲಗೆ ಕೇಳಿದಳು.

"ಪವರ್ ಹೊರಗ ಹೋಗವಲ್ತು. ತಿರಿಗಿ ನನ್ನ ಮ್ಯಾಲ ಬರಾಕತ್ತೈತಿ."

"ಪೈಪಿನ್ಯಾಗ ನೀರ ಬಿಟ್ಟಾಗ ಹಿಂದಕ ಒದ್ದಂಗ?"

"ಹಾಂ, ಹಂಗ ಅನ್ಕೋ."

"ಹಂಗಾರ ತುದಿಗೆ ಎಲ್ಲೋ ಕಸಾ ಸಿಕ್ಕಿರಬೇಕ. ಹೋಗಿ ಆ ತುದಿಗೆ ನೋಡ್ಕೊಂಡ ಬರ್ರಿ."

"ಸಕ್ಕೂ! ಇದು ರೇಡಿಯೊ ವಿಜ್ಞಾನ! ನಿನ್ನ ನೀರಿನ ಪೈಪ ಅಲ್ಲ! ಸಣ್ಣ ಸೆಟ್ಟಿಗೆ ಮುಳ್ಳು ಸರಿ ನಿಂದರತೈತಿ ಅಂದ್ರ ಆಂಟೆನಾ ಸರಿ ಐತಿ ಅಂತ ಅರ್ಥ!"

ಸಕ್ಕುಬಾಯಿ ಇಳಕಲ್ ಸೀರೆ ಮಡಚಿ ಇಡಲು ಒಳಗೆ ಹೋದಳು.

ಆಂಟೆನಾ ಎಂದರೆ ಉದ್ದನೆಯ ತಾಮ್ರದ ತಂತಿ. ಒಂದು ತುದಿ ಮನೆಯ ಮಾಳಿಗೆಯ ಮೇಲೆ. ಇನ್ನೊಂದು ತುದಿ ದ್ರಾಕ್ಷಿ ಪಡದಲ್ಲಿ ನೆಟ್ಟ ಕಂಬಕ್ಕೆ. ನಡುವೆ ಬೇವಿನ ಮರ ಅಡ್ಡ ಇದ್ದುದರಿಂದ ಆ ತುದಿ ಮನೆಗೆ ಕಾಣುತ್ತಿರಲಿಲ್ಲ. ಕಾಣದ ತುದಿಯಲ್ಲಿ ತಪ್ಪಿದ್ದರೆ ಅಲ್ಲಿಗೆ ನಡೆದು ಹೋಗಬೇಕು. ಕಾಣುವ ತುದಿಯಲ್ಲೇ ತಪ್ಪು ಹುಡುಕಿದರೆ ನೆರಳಲ್ಲಿ ಕೂತು ಹುಡುಕಬಹುದು. ರಾವಸಾಹೇಬರು ನೆರಳನ್ನೇ ಆರಿಸಿಕೊಂಡರು.

ಸೋಮವಾರ ಕೇಬಲ್ಲಿನ ತುದಿಗಳನ್ನೆಲ್ಲ ಕೊಯ್ದು ಹೊಸದಾಗಿ ಬೆಸುಗೆ ಹಾಕಿದರು. ಕೆಂಪು! ಮಂಗಳವಾರ, ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯೇ ಪವರ್ ನುಂಗುತ್ತಿದೆ ಎಂಬ ಜ್ಞಾನೋದಯವಾಯಿತು. ಇಕ್ಕಳ ತಂದು ಕತ್ತರಿಸಿಯೇಬಿಟ್ಟರು. ಅದರ ಮೇಲಿದ್ದ ಆರು ಸೀರೆ, ಮೂರು ಧೋತರ ಮಣ್ಣಿಗೆ ಬಿದ್ದವು.

"ಅಯ್ಯ ನಿಮ್ಮ! ಈಗ ತೊಳದ ಹಾಕೇನಿ!"

"ನಿನ್ನ ತಮ್ಮನ ಸಲುವಾಗೇ ಕತ್ತರಿಸೇನಿ!"

ಇದೊಂದು ಬ್ರಹ್ಮಾಸ್ತ್ರ ಅವರ ಕೈಗೆ ಸಿಕ್ಕಿತ್ತು. ಮಿಕ್ಸರಿನ ಮೇಲೆ ಸಂಶಯ ಬಂತು. ತಮ್ಮನ ಸಲುವಾಗಿ ಮಿಕ್ಸರ್ ಬಂದಾಗಿ ಸಕ್ಕುಬಾಯಿ ಶೇಂಗಾ ಚಟ್ನಿಯನ್ನು ಒರಳಲ್ಲಿ ಕುಟ್ಟಿದಳು. ಕಿಟಕಿಯ ಸರಳಿನ ಮೇಲೆ ಸಂಶಯ ಬಂತು. ತಮ್ಮನ ಸಲುವಾಗಿ ಕಿಟಕಿ ಕಿತ್ತು ಗೋಡೆಗೆ ಆನಿಸಿಟ್ಟರು, ಸೊಳ್ಳೆಗಳಿಗೆ ಹೆದ್ದಾರಿಯಾಯಿತು. ಎರಡನೆಯ ರವಿವಾರ ಮತ್ತೆ ಇಳಕಲ್ ಸೀರೆ, ಮತ್ತೆ ಸೆರಗು, ಮತ್ತೆ ಕೂಗು. ಮುಳ್ಳು ಮಾತ್ರ ಕೆಂಪು ಬಿಟ್ಟು ಈಚೆ ಬರಲಿಲ್ಲ. ಸಕ್ಕುಬಾಯಿ ಅಂದು ಊಟಕ್ಕೆ ಬಡಿಸಿ, ತಾನು ಉಣ್ಣದೆ ಎದ್ದಳು. ಅದನ್ನು ಕಂಡು ರಾವಸಾಹೇಬರಿಗೆ ಸಂಕಟವಾಯಿತು, ನಿಜ. ಆದರೆ ಸಂಕಟವಾದಾಗಲೆಲ್ಲ ಇನ್ನಷ್ಟು ಜೋರಾಗಿ ತಪ್ಪು ಮಾಡುವುದು ಅವರ ಜಾಯಮಾನ.

ನಿಪ್ಪಾಣಿಯಿಂದ ಧನಪಾಲರನ್ನು ಕರೆಸಿದರು. ಧನಪಾಲರದು ತಂಬಾಕಿನ ವ್ಯಾಪಾರ, ಆದರೆ ಅವರೂ ಹ್ಯಾಮು, ಅವರೂ ಮಹಾಪಂಡಿತರು. ಸ್ಕೂಟರಿನಿಂದ ಇಳಿದು, ಚಹಾ ಕುಡಿದು, ಭಟ್ಟಿಯ ಸುತ್ತ ಪ್ರದಕ್ಷಿಣೆ ಹಾಕಿ, ಕಣ್ಣು ಮುಚ್ಚಿ ಹೇಳಿದರು:

"ರಾವಸಾಹೇಬ, ಅರ್ಥಿಂಗ್ ಸರಿ ಇಲ್ರಿ. ದೊಡ್ಡ ಪವರಿಗೆ ದೊಡ್ಡ ಅರ್ಥಿಂಗ್ ಬೇಕ. ತಾಮ್ರದ ದೊಡ್ಡ ತಗಡ ಹುಗೀಬೇಕ, ಉಪ್ಪು, ಇದ್ದಲಿ ಹಾಕಿ."

"ಅಷ್ಟ ದೊಡ್ಡ ತಾಮ್ರ ಎಲ್ಲಿಂದ ತರೂದ?"

ಇಬ್ಬರು ಪಂಡಿತರ ಕಣ್ಣೂ ಏಕಕಾಲಕ್ಕೆ ಬಚ್ಚಲಮನೆಯ ಕಡೆ ಹೊರಳಿದವು. ಅಲ್ಲಿ ಒಲೆಯ ಮೇಲೆ ಸಕ್ಕುಬಾಯಿಯ ತವರಿನ ತಾಮ್ರದ ಹಂಡೆ ಗಂಭೀರವಾಗಿ ಕೂತಿತ್ತು! ಲಗ್ನದಲ್ಲಿ ಅಪ್ಪ ಕೊಟ್ಟದ್ದು, ಕೊರಳ ಸುತ್ತ ಅವಳ ಹೆಸರು ಕೊರೆಸಿದ್ದು. ಸಕ್ಕುಬಾಯಿ ಪಡದಲ್ಲಿದ್ದಳು. ಅವಳು ಬರುವುದರೊಳಗೆ ಅಂಗಳದಲ್ಲಿ ಆಳುದ್ದ ಗುಂಡಿ ತೋಡಿ, ಹಂಡೆ ಇಳಿಸಿ, ಉಪ್ಪಿನಕಾಯಿಗೆಂದು ಇಟ್ಟ ಉಪ್ಪನ್ನೆಲ್ಲ ಸುರಿದು, ತಂತಿ ಬಿಗಿದು, ಮಣ್ಣು ಮುಚ್ಚಿದ್ದಾಯಿತು. ಧನಪಾಲರು ಜಾಣರು. ಸ್ಕೂಟರಿಗೆ ಕಿಕ್ ಹೊಡೆದು ನಿಪ್ಪಾಣಿಯ ದಾರಿ ಹಿಡಿದರು.

ಸಕ್ಕುಬಾಯಿ ಬಂದು ಮೈ ತೊಳೆಯಲು ಬಚ್ಚಲಮನೆಗೆ ಹೋದಳು. ಬರೀ ಒಲೆ ಕಂಡಿತು.

"ಹಂಡೆ ಎಲ್ರಿ?"

ರಾವಸಾಹೇಬರು ಅಂಗಳದ ಮಣ್ಣಿನ ದಿಬ್ಬ ತೋರಿಸಿ, "ನಿನ್ನ ತಮ್ಮನ ಸಲುವಾಗಿ..." ಎಂದು ಶುರು ಮಾಡಿದರು.

"ನಮ್ಮಪ್ಪ ಕೊಟ್ಟ ಹಂಡೆ ಹುಗದೀರಿ? ಹುಗದೀರಿ?"

"ಹುಗದಿಲ್ಲ, ಅರ್ಥಿಂಗ್ ಮಾಡೇನಿ!"

"ಒಳ್ಳೇದಾತು. ಅದರ ಬಾಜೂಕ ಇನ್ನೊಂದ ಗುಂಡಿ ತೋಡ್ರಿ. ಆ ಭಟ್ಟಿಗೆ ಒಂದ, ಜಾಗಾ ಉಳದ್ರ ಅದರಾಗ ನೀವೂ ಇಳೀರಿ!"

ಅಂದಿನಿಂದ ಆ ಮನೆಯಲ್ಲಿ ತಣ್ಣೀರ ಸ್ನಾನ. ಮಾತೂ ತಣ್ಣಗಾಯಿತು.

ಮೂರನೆಯ ರವಿವಾರ ಅವಳು ಇಳಕಲ್ ಸೀರೆ ಉಡಲಿಲ್ಲ. ದಿನದ ಸೀರೆಯಲ್ಲೇ ಬಂದು ದೂರ ಕೂತಳು. ಹಂಡೆಯ ಬಲದಿಂದ ರಾವಸಾಹೇಬರು ಭಟ್ಟಿ ಹಚ್ಚಿದರು. ಮುಳ್ಳು ಮೊದಲಿಗಿಂತ ಹೆಚ್ಚು ಹುರುಪಿನಿಂದ ಕೆಂಪಿಗೆ ಹಾರಿತು! ಸ್ಪೀಕರ್ ಮುಚ್ಚಿ, ಗುಂಡಿ ತಿರುವಿ ತಿರುವಿ ಕೂಗಿದರು. ಗಂಟಲು ಬಿದ್ದುಹೋಯಿತು. ಆಗ ಹಿತ್ತಲಿನಿಂದ ಇನ್ನೊಂದು ಕೂಗು ಕೇಳಿಸಿತು. ತೋಟ ನೋಡಿಕೊಳ್ಳುವ ಆಳು ಮಾಳಸಿದ್ದ ಏದುಸಿರು ಬಿಡುತ್ತ ಓಡಿಬಂದ.

"ಸಾವ್ಕಾರ್ರ! ಪಡದಾಗ ಕಿಡಿ ಹಾರಾಕತ್ತಾವ್ರಿ! ನೀವ ಇಲ್ಲಿ ಹೋ ಅಂತ ಒದರಿದಾಗೊಮ್ಮೆ ಅಲ್ಲಿ ಕಂಬದ ಮ್ಯಾಲ ಚಟ್ ಚಟ್ ಅಂತ ನೀಲಿ ಬೆಂಕಿ!"

ಫೆಬ್ರವರಿಯಲ್ಲಿ ಮೊದಲ ಬಾರಿಗೆ ರಾವಸಾಹೇಬರು ತಮ್ಮ ಪಡದೊಳಗೆ ಕಾಲಿಟ್ಟರು. ಬೇವಿನ ಮರ ದಾಟಿ ತಲೆ ಎತ್ತಿದರು. ಎತ್ತಿದ ತಲೆ ಹಾಗೇ ನಿಂತಿತು.

ಹಣ್ಣಿನ ಕಾಲಕ್ಕೆ ಗಿಳಿಗಳನ್ನು ಬೆದರಿಸಲು ಪಡದ ಮೇಲೆ ಫಳಫಳ ಹೊಳೆಯುವ ಚಮಕಿ ರಿಬ್ಬನ್ ಕಟ್ಟುವುದು ಅಲ್ಲಿಯ ರೂಢಿ. ಗಾಳಿಗೆ ಅದು ಗುಂಯ್‌ಗುಟ್ಟುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಆ ರಿಬ್ಬನ್ನಿನ ಒಂದು ತುದಿ ದ್ರಾಕ್ಷಿ ಚಪ್ಪರದ ಕಬ್ಬಿಣದ ತಂತಿಗಳಿಗೆ ಕಟ್ಟಿತ್ತು. ಇನ್ನೊಂದು ತುದಿಯಲ್ಲಿ, ಒಂದಲ್ಲ ಎರಡಲ್ಲ, ಎಂಟು ರಿಬ್ಬನ್ನುಗಳು ರಾವಸಾಹೇಬರ ಆಂಟೆನಾದ ತುದಿಗೆ ಗಂಟು ಬಿಗಿದು ಅಲಂಕಾರವಾಗಿ ಇಳಿಬಿದ್ದಿದ್ದವು! ಸಣ್ಣ ಪವರಿಗೆ ಅವು ಸುಮ್ಮನಿರುತ್ತಿದ್ದವು. ಭಟ್ಟಿಯ ದೊಡ್ಡ ಪವರ್ ಬಂದೊಡನೆ ಆ ಬೆಳ್ಳಿ ಬಣ್ಣದ ಮೇಲೆ ಕಿಡಿ ಹಾರಿ, ಇಡೀ ಪಡದ ತಂತಿಗಳಿಗೆ ಕರೆಂಟು ಸೋರುತ್ತಿತ್ತು. ಮುಳ್ಳು ಕೆಂಪಿಗೇರದೆ ಇನ್ನೇನು ಮಾಡೀತು?

"ಯಾವ ಹುಚ್ಚ ಸೂಳೀಮಗ ಲೇ ಇದನ್ನ ಇಲ್ಲಿ ಕಟ್ಟಿದಾಂವ?" ರಾವಸಾಹೇಬರು ಚೀರಿದರು.

"ನಾನ್ರಿ," ಎಂದ ಮಾಳಸಿದ್ದ, ಏನೂ ಅಳುಕದೆ. "ಸಕ್ಕುಬಾಯಾರು ರಿಬ್ಬನ್ ಕಟ್ಟಂದ್ರು. ಎಲ್ಲಿಗೆ ಕಟ್ಟಲಿ ಅಂತ ನಿಮ್ಮನ್ನ ಕೇಳಾಕ ಬಂದಿದ್ನಿ. ನೀವ ಕಿವಿಗೆ ಅದೇನೋ ಹಾಕ್ಕೊಂಡ ಕುಂತಿದ್ರಿ. ಆ ಎತ್ತರದ ತಂತಿಗೆ ಕಟ್ಟಲೇನ್ರಿ ಅಂದ್ನಿ. ಹೂಂ ಕಟ್ಟು, ಕಟ್ಟು, ತಲಿ ತಿನಬ್ಯಾಡ ಅಂದ್ರಿ. ಮತ್ತೊಮ್ಮೆ ಕೇಳಿದ್ನಿ. ಆಗೂ ಹೂಂ ಅಂದ್ರಿ."

ರಾವಸಾಹೇಬರು ಬೆನ್ನ ಹಿಂದೆಯೇ ಬಂದಿದ್ದ ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ತುದಿಗೆ ಹೋಗಿ ನೋಡ್ರಿ ಅಂತ ನಾ ಮೊದಲನೇ ದಿನ ಅಂದಿದ್ನಿ," ಎಂದಳು ಸಕ್ಕುಬಾಯಿ, ಅತ್ಯಂತ ಶಾಂತವಾಗಿ. ಆ ಶಾಂತಿಗಿಂತ ಹಂಡೆ ಹುಗಿದ ದಿನದ ಬೈಗುಳವೇ ವಾಸಿಯಿತ್ತು.

ರಿಬ್ಬನ್ ಬಿಚ್ಚಿಸಿದರು. ಶನಿವಾರ ಒಂದು ಕ್ಷಣ ಭಟ್ಟಿ ಹಚ್ಚಿ ನೋಡಿದರು. ಮುಳ್ಳು ಒಂದೂಕಾಲಿಗೆ ಬಂದು ತೆಪ್ಪಗೆ ಕೂತಿತು! ರಾವಸಾಹೇಬರ ಎದೆ ಮತ್ತೆ ಉಬ್ಬಿತು. "ನೋಡಿದೇನ್ ಸಕ್ಕೂ! ನಾಳೆ ನಿನ್ನ ತಮ್ಮ ಪಡಸಾಲ್ಯಾಗ ಬಂದ ಕುಂತಂಗ ಮಾತಾಡತಾನ!"

ಕೊನೆಯ ರವಿವಾರ. ಸಕ್ಕುಬಾಯಿ ಮತ್ತೆ ಇಳಕಲ್ ಸೀರೆ ಉಟ್ಟಿದ್ದಳು. ಉಡಬಾರದು ಎಂದುಕೊಂಡೇ ಉಟ್ಟಿದ್ದಳು. ಐದಕ್ಕೆ ಇನ್ನೂ ಎರಡು ನಿಮಿಷ ಇರುವಾಗ ರಾವಸಾಹೇಬರು ಎದ್ದು ನಿಂತು, ದೇವರಿಗೆ ಕೈಮುಗಿದು ಭಟ್ಟಿಯ ಸ್ವಿಚ್ ಒತ್ತಿದರು. ಮೂರು ವಾರ ವಾಪಸು ಬಂದ ಪವರನ್ನೆಲ್ಲ ನುಂಗಿಕೊಂಡು ಕೂತಿದ್ದ ಭಟ್ಟಿಗೆ ಅಂದು ಹೊಟ್ಟೆ ಒಡೆಯುವ ಮುಹೂರ್ತ ಕೂಡಿಬಂತು. ಢಮ್! ವಾಲ್ವು ಸಿಡಿಯಿತು. ಪಡಸಾಲೆಯ ತುಂಬ ಸುಟ್ಟ ರಬ್ಬರಿನ ವಾಸನೆ.

ರಾವಸಾಹೇಬರು ಹಣೆ ಹಿಡಿದುಕೊಂಡು ಕುಸಿದರು. "ಮುಗೀತು. ನನ್ನಿಂದ ನಿನಗ ಅಷ್ಟೂ ಆಗಲಿಲ್ಲ ಸಕ್ಕೂ," ಎಂದರು. ಅವರ ಬಾಯಿಂದ ಅಂಥ ಮಾತು ಹೊರಟಿದ್ದು ಅದೇ ಮೊದಲು. ಸಕ್ಕುಬಾಯಿಗೆ ಬೈಯಲೂ ಆಗಲಿಲ್ಲ. ಕಣ್ಣು ತುಂಬಿ ಬಂದಿತ್ತು. ಸೆರಗಿನಿಂದ ಒರೆಸಿಕೊಂಡು ಹೇಳಿದಳು:

"ಸಣ್ಣದು ಹಚ್ಚ್ರಿ."

"ನೂರು ವ್ಯಾಟ್ ಅಲ್ಲಿತನ ಎಲ್ಲಿ ಮುಟ್ಟತೈತಿ..."

"ಹಚ್ಚ್ರಿ ಅಂದ್ನಿ. ಹಚ್ಚಿ ಒಂದ ಘಳಿಗಿ ಬಾಯಿ ಮುಚ್ಕೊಂಡ ಕುಂದರ್ರಿ."

ಭಟ್ಟಿಯ ತಂತಿ ಕಿತ್ತು, ಸಣ್ಣ ಸೆಟ್ಟನ್ನು ನೇರ ಆಂಟೆನಾಕ್ಕೆ ಜೋಡಿಸಿ, ಒಮ್ಮೆ ಮೆಲ್ಲಗೆ "ಕಾಗವಾಡ ಕರೀತೈತಿ" ಎಂದರು. ಮಾಡಲು ಬೇರೇನೂ ಉಳಿದಿರಲಿಲ್ಲವಾದ್ದರಿಂದ ಸ್ಪೀಕರ್ ತೆರೆದು ಸುಮ್ಮನೆ ಕೂತರು. ಗೊರ್ರೆಂಬ ಸದ್ದು. ಗೊರ್ರಿನ ಒಳಗಿನಿಂದ ಒಂದು ತೆಳು ಧ್ವನಿ ಮೇಲೆದ್ದು ಬಂತು.

"ಮಾಮಾ! ಮಾಮಾ! ಇವತ್ತ ಖಣಖಣ ಕೇಳಾಕತ್ತೀರಿ! ನಾ ರಾಜಾರಾಮ! ಕೇಳತೈತೇನ್ರಿ? ಓವರ್!"

ಸಕ್ಕುಬಾಯಿ ಎದ್ದು ನಿಂತೇಬಿಟ್ಟಳು. ರಾವಸಾಹೇಬರು ಮೈಕಿಗೆ ಬಾಯಿ ಹಚ್ಚಿ, "ಕೇಳತೈತಿ! ಸಣ್ಣ ಸೆಟ್ಟಿನ್ಯಾಗ ಮಾತಾಡಾಕತ್ತೇನಿ! ಓವರ್!" ಎಂದು ತೊದಲಿದರು.

"ಸಣ್ಣದ ಸಾಕ್ರಿ ಮಾಮಾ! ಮೂರೂ ರವಿವಾರ ನೀವ ಕೇಳಿಸಿದ್ರಿ, ಆದ್ರ ಎಣ್ಣ್ಯಾಗ ಭಜಿ ಕರದಂಗ ಬರತಿತ್ತು. ಆ ದೊಡ್ಡ ಪೆಟಗಿ ಬಂದ್ ಮಾಡ್ರಿ, ಸಣ್ಣದರಾಗ ಬರ್ರಿ ಅಂತ ನಾ ಗಂಟಲ ಹರಕೊಂಡ ಒದರಿದ್ದೇ ಒದರಿದ್ದು! ನಡುವ ಒಮ್ಮೆರೆ ನಿಂತ ಕೇಳಬೇಕಲ್ರಿ? ಓವರ್!"

ಮೈಕು ಹಿಡಿದ ರಾವಸಾಹೇಬರ ಕೈ ತಾನಾಗಿ ಕೆಳಗಿಳಿಯಿತು. ಹತ್ತು ಸಾವಿರ ಕಿಲೊಮೀಟರ್ ದೂರದವನ ಧ್ವನಿ ಮೂರು ವಾರದಿಂದ ಇದೇ ಪಡಸಾಲೆಗೆ ಬಂದು, ಮುಚ್ಚಿದ ಸ್ಪೀಕರಿಗೆ ಹಣೆ ಹೊಡೆದುಕೊಂಡು ಹೋಗಿತ್ತು! ಸಕ್ಕುಬಾಯಿ ಅವರ ಕೈಯಿಂದ ಮೈಕು ತೆಗೆದುಕೊಂಡಳು. ಗುಂಡಿ ಎಲ್ಲಿ ಒತ್ತಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

"ತಮ್ಮಾ, ಉಂಡಿಯೇನೋ? ಥಂಡಿ ಭಾಳ ಐತೇನು? ಓವರ್."

"ಉಂಡೇನಿ ಅಕ್ಕಾ! ಬೇಳಿ ಸಾರು, ಅನ್ನ! ನಾ ಆರಾಮ ಅದೀನಿ, ನೀ ಅಳಬ್ಯಾಡ! ಆದ್ರ ಮಾಮಾಗ ಏನಾಗೈತಿ? ಮೂರು ರವಿವಾರ ಒದರಿದ್ರೂ ಒಂದ ಮಾತ ಕೇಳಸ್ಕೊಳ್ಳಲಿಲ್ಲಲಾ? ಓವರ್."

ಸಕ್ಕುಬಾಯಿ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು, ಗಂಡನ ಮುಖವನ್ನೇ ನೋಡುತ್ತ ಮೈಕಿನ ಗುಂಡಿ ಒತ್ತಿದಳು.

"ನೀ ಮೂರು ರವಿವಾರಕ್ಕ ದಣದಿ ತಮ್ಮಾ. ನಾ ಲಗ್ನ ಆದಾಗಿಂದ ಒದರಾಕತ್ತೇನಿ. ಓವರ್!"